ಬಹಳ ಕಾಲ ದುಡಿದ ಎಂಜಿನ್ನಿಗೆ ಸಿಂಥೆಟಿಕ್ ಎಣ್ಣೆ

ಈ ನಾಡಿನ ಗ್ರಾಮಗಳಲ್ಲಿ ಉಳುಮೆಯ ಕೆಲಸದ ಬಹುಭಾಗವನ್ನು ಇಂದು ಟ್ರಾಕ್ಟರುಗಳು ನಡೆಸುತ್ತಿವೆ. ಹೊಸದಾಗಿ ಕೊಂಡ ಯಂತ್ರಗಳ ಜೊತೆಗೆ, ಹದಿನೈದು ಇಪ್ಪತ್ತು ವರ್ಷ ದುಡಿದು, ಎರಡು ಮೂರು ಕೈ ಬದಲಾಗಿ, ಇನ್ನೂ ಹೊಲವನ್ನು ಬಿಡದಿರುವ ಯಂತ್ರಗಳೂ ಬಹಳವಾಗಿವೆ. ಇಂತಹ ಟ್ರಾಕ್ಟರಿನ ಒಡೆಯನು ಎಣ್ಣೆ ಬದಲಾಯಿಸುವ ಕಾಲದಲ್ಲಿ ಅಂಗಡಿಗೆ ಹೋದರೆ ಎರಡು ಬಗೆಯ ಮಾತುಗಳನ್ನು ಕೇಳುತ್ತಾನೆ. ಸಿಂಥೆಟಿಕ್ ಎಣ್ಣೆಯನ್ನು ಹಾಕಿದರೆ ಎಂಜಿನ್ನು ಹೊಸದರಂತಾಗುವುದೆಂದು ಒಬ್ಬನು ಆಸೆ ತೋರಿಸುತ್ತಾನೆ. ಹಳೆಯ ಎಂಜಿನ್ನಿಗೆ ಅದನ್ನು ಹಾಕಿದ್ದೇ ಆದರೆ ಸೀಲುಗಳೆಲ್ಲಾ ಸೋರಿ ಎಂಜಿನ್ನು ಕೆಡುವುದೆಂದು ಮತ್ತೊಬ್ಬನು ಹೆದರಿಸುತ್ತಾನೆ. ಇವೆರಡರಲ್ಲಿ ಯಾವುದೂ ಪೂರ್ಣವಾಗಿ ಸತ್ಯವಲ್ಲ. ಮಳೆ ಬಿದ್ದ ಮೇಲೆ ನೆಲದ ಹದವು ಕೆಲವೇ ದಿನ ನಿಲ್ಲುತ್ತದೆ. ಆ ದಿನಗಳಲ್ಲಿ ಟ್ರಾಕ್ಟರು ಕೆಟ್ಟು ನಿಂತರೆ ಆಗುವ ನಷ್ಟದ ಮುಂದೆ ಎಣ್ಣೆಯ ಬೆಲೆ ಏನೂ ಅಲ್ಲ. ಆದಕಾರಣ ಈ ವಿಷಯವನ್ನು ಅಂಗಡಿಯ ಮಾತಿಗೆ ಬಿಡದೆ, ಕಾರಣಸಹಿತವಾಗಿ ತಿಳಿದುಕೊಳ್ಳುವುದು ಉತ್ತಮ.

ಎಣ್ಣೆಯ ಕೆಲಸಗಳು

ಎಂಜಿನ್ನಿನಲ್ಲಿ ಕೀಲೆಣ್ಣೆಯು ಉಜ್ಜಾಟವನ್ನು ಕಡಿಮೆಮಾಡುವುದಕ್ಕಾಗಿ ಮಾತ್ರ ಇದೆಯೆಂದು ಸಾಮಾನ್ಯವಾದ ಭಾವನೆ. ಅದು ಅದರ ಮೊದಲನೆಯ ಕೆಲಸವೇ ಹೊರತು ಒಂದೇ ಕೆಲಸವಲ್ಲ. ತಿರುಗುವ ಬೇರಿಂಗಿಗೂ ದಂಡಕ್ಕೂ ನಡುವೆ ತೆಳುವಾದ ಪೊರೆಯಾಗಿ ನಿಂತು ಲೋಹವು ಲೋಹವನ್ನು ಮುಟ್ಟದಂತೆ ಅದು ಕಾಪಾಡುತ್ತದೆ. ಪಿಸ್ಟನ್ನಿನ ಕೆಳಭಾಗದಿಂದ ಉಷ್ಣವನ್ನು ಹೊತ್ತು ತರುತ್ತದೆ. ಪಿಸ್ಟನ್ ರಿಂಗುಗಳಿಗೂ ಸಿಲಿಂಡರಿನ ಗೋಡೆಗೂ ನಡುವಣ ಸಂದನ್ನು ಮುಚ್ಚಿ ಒತ್ತಡವನ್ನು ನಿಲ್ಲಿಸಲು ನೆರವಾಗುತ್ತದೆ. ಡೀಸಲು ಉರಿದು ಉಂಟಾಗುವ ಆಮ್ಲಗಳನ್ನು ಅಡಗಿಸುತ್ತದೆ. ಮಸಿಯು ಒಂದೆಡೆ ಗಟ್ಟಿಕಟ್ಟದಂತೆ ಅದನ್ನು ಸಣ್ಣ ಕಣಗಳಾಗಿ ತನ್ನೊಳಗೆ ತೇಲಿಸಿಟ್ಟುಕೊಳ್ಳುತ್ತದೆ. ಡೀಸಲ್ ಎಂಜಿನ್ನಿಗೆ ಹಾಕಿದ ಹೊಸ ಎಣ್ಣೆಯು ಕೆಲವೇ ಗಂಟೆಗಳಲ್ಲಿ ಕಪ್ಪಾಗುವುದು ಈ ಕೊನೆಯ ಕೆಲಸದಿಂದ. ಹೀಗೆ ಕಪ್ಪಾಗುವುದು ಎಣ್ಣೆ ಕೆಟ್ಟಿತೆಂಬುದರ ಗುರುತಲ್ಲ. ತನ್ನ ಕೆಲಸವನ್ನು ಮಾಡುತ್ತಿದೆಯೆಂಬುದರ ಗುರುತು.

ಈ ಕೆಲಸಗಳಲ್ಲಿ ಕೆಲವು ಮೂಲ ಎಣ್ಣೆಯಿಂದ ನಡೆಯುತ್ತವೆ. ಕೆಲವು ಅದಕ್ಕೆ ಸೇರಿಸಿದ ರಾಸಾಯನಿಕ ದ್ರವ್ಯಗಳಿಂದ ನಡೆಯುತ್ತವೆ. ಮಸಿಯನ್ನು ತೇಲಿಸುವುದು, ಆಮ್ಲವನ್ನು ಅಡಗಿಸುವುದು, ಜಿಡ್ಡನ್ನು ತೊಳೆಯುವುದು ಇವು ಬಹುಮಟ್ಟಿಗೆ ಸೇರಿಸಿದ ದ್ರವ್ಯಗಳ ಗುಣ. ಸಾಧಾರಣ ಎಣ್ಣೆಯಾಗಲಿ, ಸಿಂಥೆಟಿಕ್ ಎಣ್ಣೆಯಾಗಲಿ, ಎರಡಕ್ಕೂ ಇಂತಹ ದ್ರವ್ಯಗಳನ್ನು ಸೇರಿಸಿಯೇ ಮಾರುತ್ತಾರೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಷಯವು ಸುಲಭವಾಗಿ ತಿಳಿಯುತ್ತದೆ.

ಸಿಂಥೆಟಿಕ್ ಎಣ್ಣೆ ಎಂದರೇನು

ಸಾಧಾರಣ ಕೀಲೆಣ್ಣೆಯು ನೆಲದಿಂದ ತೆಗೆದ ಕಚ್ಚಾ ಎಣ್ಣೆಯನ್ನು ಬಟ್ಟಿಯಿಳಿಸಿ ಶುದ್ಧಿಮಾಡಿದುದು. ಅದರಲ್ಲಿ ಬೇರೆ ಬೇರೆ ಗಾತ್ರದ ಮತ್ತು ಬೇರೆ ಬೇರೆ ಆಕಾರದ ಅಣುಗಳು ಬೆರೆತಿರುತ್ತವೆ. ಸಿಂಥೆಟಿಕ್ ಎಣ್ಣೆಯಾದರೋ ಸಣ್ಣ ಅಣುಗಳನ್ನು ಕಾರ್ಖಾನೆಯಲ್ಲಿ ಕೂಡಿಸಿ, ಬಹುಮಟ್ಟಿಗೆ ಒಂದೇ ಬಗೆಯ ಅಣುಗಳಿಂದಾಗುವಂತೆ ಕಟ್ಟಿದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಯಂ ಅಭಾವಕ್ಕೂ ರಷ್ಯಾದ ಚಳಿಗೂ ಸಿಕ್ಕಿದ ಜರ್ಮನಿಯಲ್ಲಿ ಇಂತಹ ಎಣ್ಣೆಗಳ ಕೆಲಸವು ಬಹಳವಾಗಿ ಮುಂದುವರಿಯಿತು. ಯುದ್ಧಾನಂತರ ಜೆಟ್ ವಿಮಾನಗಳ ಎಂಜಿನ್ನುಗಳ ಉಷ್ಣವನ್ನು ತಡೆಯುವುದಕ್ಕೆ ಇವು ಅನಿವಾರ್ಯವಾದುವು. ಮೋಟಾರು ಕಾರುಗಳ ಬಳಕೆಗೆ ಇವು ದೊಡ್ಡ ಪ್ರಮಾಣದಲ್ಲಿ ಬಂದದ್ದು ೧೯೭೦ರ ದಶಕದಲ್ಲಿ; ಅಮೆರಿಕದಲ್ಲಿ ಮೊಬಿಲ್ ೧ ಎಂಬ ಎಣ್ಣೆಯು ೧೯೭೪ರಲ್ಲಿ ಮಾರಾಟಕ್ಕೆ ಬಂದಿತು.

ಇಂದು ಡಬ್ಬಿಯ ಮೇಲೆ ಸಿಂಥೆಟಿಕ್ ಎಂದು ಬರೆದಿರುವ ಎಣ್ಣೆಗಳೆಲ್ಲವೂ ಹೀಗೆ ಅಣುಗಳಿಂದ ಕಟ್ಟಿದವುಗಳಲ್ಲ. ಕಚ್ಚಾ ಎಣ್ಣೆಯನ್ನೇ ಜಲಜನಕದೊಡನೆ ಅತಿ ಒತ್ತಡದಲ್ಲಿ ಸಂಸ್ಕರಿಸಿ, ಅಣುಗಳ ರೂಪವನ್ನೇ ಮಾರ್ಪಡಿಸಿ ತಯಾರಿಸಿದ ಎಣ್ಣೆಗೂ ಆ ಹೆಸರನ್ನು ಉಪಯೋಗಿಸಬಹುದೆಂದು ಅಮೆರಿಕದ ಜಾಹೀರಾತು ವಿಮರ್ಶಕ ಮಂಡಲಿಯೊಂದು ೧೯೯೯ರಲ್ಲಿ ಅಭಿಪ್ರಾಯಪಟ್ಟಿತು. ಅಂದಿನಿಂದ ಈ ಬಗೆಯ ಎಣ್ಣೆಗಳೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಇವು ಕೀಳಾದವೆಂದು ತಿಳಿಯಬಾರದು. ಆದರೆ ಹೆಸರನ್ನು ಮಾತ್ರ ನೋಡಿ ಬೆಲೆ ತೆರುವುದು ಜಾಣತನವಲ್ಲವೆಂಬುದಕ್ಕೆ ಇದು ಸಾಕಾದ ಕಾರಣ.

ಸಿಂಥೆಟಿಕ್ ಎಣ್ಣೆಯ ವಿಶೇಷ ಗುಣಗಳು ಮುಖ್ಯವಾಗಿ ಮೂರು. ಒಂದನೆಯದಾಗಿ, ಕಡು ಚಳಿಯಲ್ಲಿ ಅದು ಗಟ್ಟಿಯಾಗದೆ ಹರಿಯುತ್ತದೆ. ಎರಡನೆಯದಾಗಿ, ಹೆಚ್ಚು ಉಷ್ಣದಲ್ಲಿ ಅದು ಬೇಗ ಆವಿಯಾಗುವುದಿಲ್ಲ, ಕೊಳೆತು ಗೋಂದಿನಂತಾಗುವುದಿಲ್ಲ. ಮೂರನೆಯದಾಗಿ, ಈ ಕಾರಣಗಳಿಂದ ಅದರ ಬಾಳಿಕೆ ಹೆಚ್ಚು. ಈ ಮೂರರಲ್ಲಿ ಮೊದಲನೆಯದು ಕರ್ಣಾಟಕದ ರೈತನಿಗೆ ಬಹು ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಸಾಧಾರಣವಾಗಿ ಟ್ರಾಕ್ಟರಿಗೆ ಹಾಕುವ ೧೫ಡಬ್ಲ್ಯು-೪೦ ಎಂಬ ಎಣ್ಣೆಯ ಚಳಿಯ ಪರೀಕ್ಷೆಯನ್ನು ಮಾಡುವುದು ಸೊನ್ನೆಗಿಂತ ೨೦ ಡಿಗ್ರಿ ಸೆಲ್ಸಿಯಸ್ ಕೆಳಗೆ. ಕೊಡಗಿನ ಚಳಿಗಾಲದ ಬೆಳಗಿನಲ್ಲಿಯೂ ಅಂತಹ ಚಳಿ ಇಲ್ಲ. ಎರಡನೆಯ ಗುಣವು ರಾಯಚೂರು, ಕಲಬುರಗಿ ಸೀಮೆಗಳ ಬೇಸಗೆಯಲ್ಲಿ ದಿನವಿಡೀ ರೋಟವೇಟರನ್ನೋ ಒಕ್ಕಣೆಯ ಯಂತ್ರವನ್ನೋ ನಡೆಸುವ ಎಂಜಿನ್ನಿಗೆ, ಅದರಲ್ಲಿಯೂ ಟರ್ಬೊ ಅಳವಡಿಸಿದ ಎಂಜಿನ್ನಿಗೆ, ನಿಜವಾಗಿ ಪ್ರಯೋಜನಕರ. ಮೂರನೆಯದರ ವಿಚಾರವನ್ನು ಮುಂದೆ ಹೇಳಲಾಗುವುದು.

ಡಬ್ಬಿಯ ಮೇಲಿನ ಅಂಕೆಗಳು

ಸಿಂಥೆಟಿಕ್ ಎಣ್ಣೆಯು ತೆಳುವಾದುದು, ಅದು ಹಳೆಯ ಎಂಜಿನ್ನಿಗೆ ಆಗದು ಎಂಬ ಮಾತು ರೂಢಿಯಲ್ಲಿದೆ. ಎಣ್ಣೆಯ ಮಂದತೆಯನ್ನು ತಿಳಿಸುವುದು ಅದರ ಜಾತಿಯಲ್ಲ, ಡಬ್ಬಿಯ ಮೇಲಿನ ಅಂಕೆ. ೧೫ಡಬ್ಲ್ಯು-೪೦ ಎಂಬುದರಲ್ಲಿ ಮೊದಲನೆಯ ಅಂಕೆಯು ಚಳಿಯಲ್ಲಿ ಅದರ ನಡತೆಯನ್ನೂ, ಎರಡನೆಯದು ಎಂಜಿನ್ನು ಕಾದಾಗ, ಅಂದರೆ ೧೦೦ ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ, ಅದರ ಮಂದತೆಯನ್ನೂ ತಿಳಿಸುತ್ತವೆ. ೪೦ ಎಂಬ ಅಂಕೆಯ ಎಣ್ಣೆಯು ಸಾಧಾರಣವಾಗಲಿ ಸಿಂಥೆಟಿಕ್ ಆಗಲಿ, ಆ ಉಷ್ಣದಲ್ಲಿ ಅದರ ಮಂದತೆಯು ೧೨.೫ ಸೆಂಟಿಸ್ಟೋಕಿಗೆ ಕಡಿಮೆಯಾಗದೆ ೧೬.೩ಕ್ಕೆ ಒಳಗಾಗಿ ಇರಬೇಕೆಂದು ನಿಯಮವಿದೆ. ೩೦ ಎಂಬ ಅಂಕೆಯದು ೯.೩ ರಿಂದ ೧೨.೫ರ ಒಳಗೆ. ಹೊಸ ಕಾರುಗಳಿಗಾಗಿ ಮಾರುವ ಸಿಂಥೆಟಿಕ್ ಎಣ್ಣೆಗಳಲ್ಲಿ ಅನೇಕವು ೩೦ ಅಥವಾ ೨೦ ಅಂಕೆಯವಾದುದರಿಂದ, ಸಿಂಥೆಟಿಕ್ ಎಂದರೆ ತೆಳುವೆಂಬ ಭ್ರಮೆ ಹುಟ್ಟಿದೆ. ಸವೆದು ಸಂದು ಹೆಚ್ಚಿರುವ ಬೇರಿಂಗುಗಳಿಗೆ ತೆಳುವಾದ ಎಣ್ಣೆಯನ್ನು ಹಾಕಿದರೆ ಒತ್ತಡವು ಇಳಿಯುವುದು ನಿಶ್ಚಯ. ಆದುದರಿಂದ ಯಾವ ಎಣ್ಣೆಗೆ ಬದಲಾಯಿಸಿದರೂ ಎರಡನೆಯ ಅಂಕೆಯನ್ನು ತಯಾರಕರು ಹೇಳಿರುವುದಕ್ಕಿಂತ ಕೆಳಗೆ ಇಳಿಸಕೂಡದು.

ಅಂಕೆಯ ಜೊತೆಗೆ ದರ್ಜೆಯನ್ನೂ ನೋಡತಕ್ಕದ್ದು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಕ್ರಮದಲ್ಲಿ ಡೀಸಲ್ ಎಂಜಿನ್ನಿನ ಎಣ್ಣೆಗಳಿಗೆ ಸಿ ಅಕ್ಷರದಿಂದಲೂ, ಪೆಟ್ರೋಲ್ ಎಂಜಿನ್ನಿನವುಗಳಿಗೆ ಎಸ್ ಅಕ್ಷರದಿಂದಲೂ ಮೊದಲಾಗುವ ದರ್ಜೆಗಳಿವೆ. ಹಳೆಯ ಟ್ರಾಕ್ಟರುಗಳ ಕೈಪಿಡಿಗಳಲ್ಲಿ ಸಿ.ಸಿ., ಸಿ.ಡಿ. ಎಂಬ ದರ್ಜೆಗಳು ಕಂಡುಬರುತ್ತವೆ. ಅವು ಈಗ ರದ್ದಾಗಿವೆ. ಉದಾಹರಣೆಗೆ, ಹರಿಯಾಣದ ಪಿಂಜೋರಿನಲ್ಲಿ ೧೯೭೧ರಲ್ಲಿ ಮೊದಲಾದ ಎಚ್.ಎಂ.ಟಿ. ಟ್ರಾಕ್ಟರುಗಳ ಕಾರ್ಖಾನೆಯನ್ನು ಮುಚ್ಚಲು ೨೦೧೬ರಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿಗೆಯಿತ್ತಿತು. ಆದರೆ ಆ ಟ್ರಾಕ್ಟರುಗಳು ಇನ್ನೂ ದುಡಿಯುತ್ತಿವೆ. ಇಂತಹ ಯಂತ್ರಗಳ ಒಡೆಯರು ಹಳೆಯ ದರ್ಜೆಯ ಎಣ್ಣೆಗಾಗಿ ಹುಡುಕಬೇಕಾದುದಿಲ್ಲ. ೨೦೦೨ರಲ್ಲಿ ಬಂದ ಸಿ.ಐ.-೪, ೨೦೧೬ರಲ್ಲಿ ಬಂದ ಸಿ.ಕೆ.-೪ ಮುಂತಾದ ಹೊಸ ದರ್ಜೆಗಳು ಹಳೆಯ ಎಂಜಿನ್ನುಗಳಿಗೂ ಒಪ್ಪುವಂತೆ ಏರ್ಪಟ್ಟಿವೆ. ೨೦೧೬ರಲ್ಲಿಯೇ ಬಂದ ಎಫ್.ಎ.-೪ ಎಂಬ ದರ್ಜೆ ಮಾತ್ರ ಹೊಸ ಮಾದರಿಯ ಕೆಲವು ಎಂಜಿನ್ನುಗಳಿಗಾಗಿ ತೆಳುವಾಗಿ ಮಾಡಿದುದು. ಅದನ್ನು ಹಳೆಯ ಎಂಜಿನ್ನಿಗೆ ಹಾಕಕೂಡದು.

ಸೋರುವಿಕೆಯ ಭಯ

ಸಿಂಥೆಟಿಕ್ ಎಣ್ಣೆಯು ಸೀಲುಗಳನ್ನು ಕೆಡಿಸುತ್ತದೆಂಬ ಮಾತಿಗೆ ಒಂದು ಕಾಲದಲ್ಲಿ ಆಧಾರವಿತ್ತು. ಮೊದಮೊದಲು ಬಂದ ಎಣ್ಣೆಗಳಲ್ಲಿ ಕೆಲವು ರಬ್ಬರನ್ನು ಕುಗ್ಗಿಸುತ್ತಿದ್ದುವು, ಕೆಲವು ಉಬ್ಬಿಸುತ್ತಿದ್ದುವು. ಕುಗ್ಗಿಸುವುದನ್ನೂ ಉಬ್ಬಿಸುವುದನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ ಈ ದೋಷವನ್ನು ಬಹುಕಾಲದ ಹಿಂದೆಯೇ ನಿವಾರಿಸಿದ್ದಾರೆ. ದೋಷವು ಹೋದರೂ ಮಾತು ಉಳಿದುಕೊಂಡಿದೆ.

ಆದರೂ ಬಹಳ ದುಡಿದ ಎಂಜಿನ್ನಿನಲ್ಲಿ ಎಣ್ಣೆ ಬದಲಾಯಿಸಿದ ಮೇಲೆ ಸೋರುವಿಕೆ ಕಾಣಿಸಿಕೊಳ್ಳುವುದುಂಟು. ಇದರ ಕಾರಣವು ಬೇರೆ. ವರ್ಷಗಟ್ಟಲೆ ಉಷ್ಣಕ್ಕೆ ಸಿಕ್ಕಿದ ಸೀಲುಗಳು ಗಟ್ಟಿಯಾಗಿ ಬಿರಿದಿರುತ್ತವೆ. ಎಣ್ಣೆಯನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸದ ಎಂಜಿನ್ನಿನಲ್ಲಿ ಕರಿಯ ಜಿಡ್ಡು ಕಟ್ಟಿ ಆ ಬಿರುಕುಗಳನ್ನು ಮುಚ್ಚಿಕೊಂಡಿರುತ್ತದೆ. ಒಳ್ಳೆಯ ಎಣ್ಣೆಯು ಆ ಜಿಡ್ಡನ್ನು ಮೆಲ್ಲಮೆಲ್ಲನೆ ತೊಳೆದಾಗ ಮೊದಲೇ ಇದ್ದ ಬಿರುಕು ಹೊರಬೀಳುತ್ತದೆ. ಬೇಲಿಯ ಕಸವನ್ನು ಕಡಿದಾಗ ಕಂಡ ಕಂಡಿಯನ್ನು ಕುಡುಗೋಲು ಮಾಡಿತೆನ್ನುವುದು ಹೇಗೆ ಸರಿಯಲ್ಲವೋ, ಈ ಸೋರುವಿಕೆಯನ್ನು ಎಣ್ಣೆಯ ಮೇಲೆ ಹೊರಿಸುವುದೂ ಹಾಗೆಯೇ. ಆದರೆ ಬಿತ್ತನೆಯ ನಡುವೆ ಸೋರಿಕೆ ಬಂದವನಿಗೆ ಈ ಸಮಾಧಾನದಿಂದ ಪ್ರಯೋಜನವಿಲ್ಲ. ಆದುದರಿಂದ ಬದಲಾವಣೆಯನ್ನು ಯಾವಾಗ ಮಾಡಬೇಕೆಂಬುದು, ಮಾಡಬೇಕೆ ಬೇಡವೆ ಎಂಬುದರಷ್ಟೇ ಮುಖ್ಯ.

ಲಾಭನಷ್ಟದ ಲೆಕ್ಕ

ಸಿಂಥೆಟಿಕ್ ಎಣ್ಣೆಗೆ ತೆತ್ತ ಹೆಚ್ಚಿನ ಹಣವು ಹಿಂದಿರುಗುವುದು ಮುಖ್ಯವಾಗಿ ಅದರ ಬಾಳಿಕೆಯಿಂದ. ಸವೆದ ಎಂಜಿನ್ನಿನಲ್ಲಿ ಈ ಬಾಳಿಕೆಯು ಒದಗುವುದಿಲ್ಲ. ಹೇಗೆಂದರೆ, ರಿಂಗುಗಳು ಸವೆದಾಗ ಉರಿದ ಅನಿಲವು ಪಿಸ್ಟನ್ನನ್ನು ದಾಟಿ ಕೆಳಗಿಳಿದು, ಮಸಿಯನ್ನೂ ನೀರಾವಿಯನ್ನೂ ಉರಿಯದ ಡೀಸಲನ್ನೂ ಎಣ್ಣೆಗೆ ಬೆರೆಸುತ್ತದೆ. ಎಣ್ಣೆಯು ತಾನಾಗಿ ಮುಪ್ಪಾಗುವುದಕ್ಕೆ ಮೊದಲೇ ಈ ಕಲ್ಮಷದಿಂದ ಕೆಡುತ್ತದೆ. ಕಲ್ಮಷವು ಎಂಜಿನ್ನಿನಿಂದ ಬರತಕ್ಕದ್ದೇ ಹೊರತು ಎಣ್ಣೆಯಿಂದಲ್ಲ. ಎಷ್ಟು ಬೆಲೆಯ ಎಣ್ಣೆಯನ್ನು ಹಾಕಿದರೂ ಅದು ನಿಲ್ಲದು.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಎರಡು ಟ್ರಾಕ್ಟರುಗಳಿವೆಯೆಂದೂ, ಪ್ರತಿಯೊಂದಕ್ಕೂ ೮ ಲೀಟರು ಎಣ್ಣೆ ಹಿಡಿಯುವುದೆಂದೂ, ಸಾಧಾರಣ ಎಣ್ಣೆಯನ್ನು ೨೫೦ ಗಂಟೆಗೊಮ್ಮೆ ಬದಲಾಯಿಸುವರೆಂದೂ, ಸಿಂಥೆಟಿಕ್ ಎಣ್ಣೆಯ ಬೆಲೆ ಅದರ ಎರಡೂವರೆ ಪಾಲೆಂದೂ ಭಾವಿಸಬಹುದು. ಮೊದಲನೆಯ ಟ್ರಾಕ್ಟರು ಹಳೆಯದಾದರೂ ಎಣ್ಣೆ ಕುಡಿಯುವುದಿಲ್ಲ. ಅದಕ್ಕೆ ೫೦೦ ಗಂಟೆಗೆ ಸಾಧಾರಣ ಎಣ್ಣೆ ೧೬ ಲೀಟರು, ಎಂದರೆ ೧೬ ಪಾಲು ಖರ್ಚು. ತಯಾರಕರು ಒಪ್ಪಿ, ಸಿಂಥೆಟಿಕ್ ಎಣ್ಣೆಯನ್ನು ೫೦೦ ಗಂಟೆ ನಡೆಸುವುದಾದರೆ ೮ ಲೀಟರಿಗೆ ೨೦ ಪಾಲು. ವ್ಯತ್ಯಾಸವು ಸ್ವಲ್ಪವೇ, ಎಂಜಿನ್ನಿಗೆ ಆಗುವ ಅನುಕೂಲವನ್ನು ನೋಡಿ ಒಡೆಯನು ಅದನ್ನು ತೆರಬಹುದು. ಎರಡನೆಯ ಟ್ರಾಕ್ಟರು ೫೦ ಗಂಟೆಗೊಂದು ಲೀಟರು ಕುಡಿಯುತ್ತದೆ. ಅದಕ್ಕೆ ೫೦೦ ಗಂಟೆಗೆ ೧೬ರ ಮೇಲೆ ಮತ್ತೆ ೧೦, ಒಟ್ಟು ೨೬ ಲೀಟರು. ಅದರಲ್ಲಿ ಅವಧಿಯನ್ನು ಹೆಚ್ಚಿಸುವಂತಿಲ್ಲವಾದುದರಿಂದ ಸಿಂಥೆಟಿಕ್ ಎಣ್ಣೆಯೂ ಅಷ್ಟೇ ಬೇಕು. ಖರ್ಚು ೨೬ ಪಾಲಿಗೆ ಬದಲಾಗಿ ೬೫ ಪಾಲಾಗುತ್ತದೆ. ಮೂಗಿಗಿಂತ ಮೂಗುತಿ ಭಾರವೆಂಬುದು ಇದೇ. ಆ ೩೯ ಪಾಲಿನ ಹಣವನ್ನು ಕೂಡಿಟ್ಟರೆ ರಿಂಗು ಲೈನರು ಬದಲಾಯಿಸಿ ಬೋರು ಕೆಲಸ ಮಾಡಿಸುವುದಕ್ಕೆ ಒಂದು ಮೊದಲಾಗುತ್ತದೆ. ಅಂತಹ ಎಂಜಿನ್ನಿನ ರೋಗಕ್ಕೆ ಮದ್ದು ಅದೇ.

ಎಂಜಿನ್ನನ್ನು ಪರೀಕ್ಷಿಸುವ ಕ್ರಮ

ಆದುದರಿಂದ ಎಣ್ಣೆಯನ್ನು ಆರಿಸುವುದಕ್ಕೆ ಮೊದಲು ಎಂಜಿನ್ನು ಈ ಎರಡರಲ್ಲಿ ಯಾವ ಪಂಗಡಕ್ಕೆ ಸೇರಿದುದೆಂದು ತಿಳಿಯಬೇಕು. ಅದಕ್ಕೆ ಬೇಕಾದುದು ಒಂದು ಪುಸ್ತಕ, ಒಂದು ಪೆನ್ಸಿಲು ಮತ್ತು ಸ್ವಲ್ಪ ತಾಳ್ಮೆ. ಟ್ರಾಕ್ಟರನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಎಣ್ಣೆಯು ಕೆಳಗಿಳಿಯುವವರೆಗೆ ಕಾದು, ಅಳತೆಯ ಕಡ್ಡಿಯ ಮೇಲಿನ ಗುರುತಿನವರೆಗೆ ಎಣ್ಣೆ ತುಂಬಬೇಕು. ಅಂದಿನ ಗಂಟೆಯ ಮೀಟರಿನ ಅಂಕೆಯನ್ನು ಬರೆದಿಡಬೇಕು. ಬಳಿಕ ೫೦ ಗಂಟೆ ಕೆಲಸವಾಗುವವರೆಗೆ ಪ್ರತಿದಿನ ಬೆಳಗ್ಗೆ ನೋಡಿ, ಸೇರಿಸಿದ ಎಣ್ಣೆಯನ್ನು ಅಳೆದು ಬರೆಯಬೇಕು. ಎಣ್ಣೆ ಸೇರಿಸುವ ಪ್ರಮೇಯವೇ ಬಾರದಿದ್ದರೆ ರಿಂಗುಗಳು ಬಹುಮಟ್ಟಿಗೆ ಸರಿಯಾಗಿವೆ. ಪದೇ ಪದೇ ಸೇರಿಸಬೇಕಾಗಿ ಬಂದು, ಹೊರಗೆ ಸೋರುವಿಕೆಯೂ ಕಾಣದಿದ್ದರೆ ಎಂಜಿನ್ನು ಎಣ್ಣೆಯನ್ನು ಸುಡುತ್ತಿದೆ. ಹೊಗೆಯ ಕೊಳವೆಯಲ್ಲಿ ನೀಲಿ ಬಣ್ಣದ ಹೊಗೆಯು ಇದನ್ನು ದೃಢಪಡಿಸುತ್ತದೆ.

ಇನ್ನು ಕೆಲವು ಗುರುತುಗಳನ್ನೂ ಗಮನಿಸತಕ್ಕದ್ದು. ಎಂಜಿನ್ನು ಚೆನ್ನಾಗಿ ಕಾದು ನಿಧಾನವಾಗಿ ಓಡುತ್ತಿರುವಾಗ ಎಣ್ಣೆಯ ಒತ್ತಡದ ಮುಳ್ಳು ಬಹಳ ಇಳಿದರೆ, ಅಥವಾ ಕೆಂಪು ದೀಪವು ಮಿನುಗಿದರೆ, ಬೇರಿಂಗುಗಳನ್ನೂ ಎಣ್ಣೆಯ ಪಂಪನ್ನೂ ಪರೀಕ್ಷಿಸಬೇಕು. ಕಡ್ಡಿಯಲ್ಲಿ ಎಣ್ಣೆಯ ಮಟ್ಟವು ಇಳಿಯುವ ಬದಲು ಏರಿದರೆ ಡೀಸಲೋ ನೀರೋ ಸೇರುತ್ತಿದೆಯೆಂದು ತಿಳಿಯಬೇಕು. ಎಣ್ಣೆಯು ಹಾಲಿನಂತೆ ಬೆಳ್ಳಗಾದರೆ ಸೇರಿದುದು ನೀರು. ಗಾಳಿ ಶೋಧಕದ ಕೊಳವೆ ಬಿರಿದಿದ್ದರೆ ಉಳುಮೆಯ ಧೂಳು ನೇರವಾಗಿ ಸಿಲಿಂಡರಿಗೆ ಹೋಗಿ ಅರದಂತೆ ಅದನ್ನು ಉಜ್ಜುತ್ತದೆ. ಈ ದೋಷಗಳಲ್ಲಿ ಯಾವುದನ್ನೂ ಎಣ್ಣೆಯು ವಾಸಿಮಾಡಲಾರದು. ಇವುಗಳನ್ನು ಮೊದಲು ಸರಿಪಡಿಸಿ, ಆಮೇಲೆ ಎಣ್ಣೆಯ ವಿಚಾರಕ್ಕೆ ಬರಬೇಕು.

ಬದಲಾಯಿಸುವ ಕ್ರಮ

ಎಂಜಿನ್ನು ಸ್ವಸ್ಥವಾಗಿದ್ದು, ಒಡೆಯನು ಸಿಂಥೆಟಿಕ್ ಎಣ್ಣೆಗೆ ಬದಲಾಯಿಸಲು ನಿಶ್ಚಯಿಸಿದರೆ ಮುಂದೆ ಹೇಳುವ ಕ್ರಮವನ್ನು ಅನುಸರಿಸುವುದು ಮೇಲು.

೧. ಬಿತ್ತನೆಯ ಅಥವಾ ಕೊಯ್ಲಿನ ನಡುವೆ ಬದಲಾಯಿಸಕೂಡದು. ಮುಂಗಾರಿಗೆ ಒಂದು ತಿಂಗಳಾದರೂ ಮೊದಲು ಮಾಡಿದರೆ, ಅಡಗಿದ್ದ ಸೋರಿಕೆ ಹೊರಬಿದ್ದರೂ ಮೇಸ್ತ್ರಿಯನ್ನು ಕರೆಸಿ ಸೀಲು ಹಾಕಿಸಲು ಬಿಡುವಿರುತ್ತದೆ.

೨. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಎಣ್ಣೆ ಬಿಸಿಯಾದ ಮೇಲೆ, ಕೈ ಸುಡದಂತೆ ಎಚ್ಚರವಹಿಸಿ, ಪೂರ್ತಿಯಾಗಿ ಬಸಿಯಬೇಕು.

೩. ಸೀಮೆಎಣ್ಣೆಯನ್ನೋ ಡೀಸಲನ್ನೋ ಹಾಕಿ ಒಳಭಾಗವನ್ನು ತೊಳೆಯುವ ಪದ್ಧತಿಯನ್ನು ಬಿಡಬೇಕು. ಒಳಗೆ ಉಳಿದ ಸೀಮೆಎಣ್ಣೆಯು ಹೊಸ ಎಣ್ಣೆಯನ್ನು ತೆಳುಮಾಡುತ್ತದೆ. ಒಮ್ಮೆಲೆ ಕಳಚಿದ ಜಿಡ್ಡು ಎಣ್ಣೆ ಹೀರುವ ಜಾಲರಿಯನ್ನು ಕಟ್ಟಿ, ಎಂಜಿನ್ನು ಎಣ್ಣೆಯಿಲ್ಲದೆ ಓಡುವಂತಾಗಬಹುದು. ಸಾಧಾರಣ ಎಣ್ಣೆಯೂ ಸಿಂಥೆಟಿಕ್ ಎಣ್ಣೆಯೂ ಒಂದರೊಡನೊಂದು ಬೆರೆಯುವುವಾದುದರಿಂದ, ತಳದಲ್ಲಿ ಉಳಿದ ಹಳೆಯ ಎಣ್ಣೆಯಿಂದ ಅಪಾಯವಿಲ್ಲ.

೪. ಫಿಲ್ಟರನ್ನು ತಪ್ಪದೆ ಬದಲಾಯಿಸಬೇಕು. ಕಟ್ಟಿಕೊಂಡ ಫಿಲ್ಟರಿನಲ್ಲಿ ಒಂದು ಕವಾಟವು ತೆರೆದು, ಸೋಸದ ಎಣ್ಣೆಯು ನೇರವಾಗಿ ಬೇರಿಂಗುಗಳಿಗೆ ಹೋಗುತ್ತದೆ. ಹೊಸ ಎಣ್ಣೆಯು ಹಳೆಯ ಜಿಡ್ಡನ್ನು ಕಳಚುವುದರಿಂದ, ಮೊದಲನೆಯ ಸಲ ಫಿಲ್ಟರನ್ನು ಅರ್ಧ ಅವಧಿಯಲ್ಲಿಯೇ ಮತ್ತೊಮ್ಮೆ ಬದಲಾಯಿಸುವುದು ಕ್ಷೇಮಕರ.

೫. ರಾತ್ರಿ ಟ್ರಾಕ್ಟರು ನಿಲ್ಲುವ ಎಡೆಯಲ್ಲಿ ಎಂಜಿನ್ನಿನ ಕೆಳಗೆ ಒಂದು ರಟ್ಟನ್ನು ಹಾಸಿದರೆ, ಹೊಸದಾಗಿ ಬಿದ್ದ ತೊಟ್ಟು ಬೆಳಗ್ಗೆ ಕಾಣುತ್ತದೆ. ಮೊದಲ ೫೦ ಗಂಟೆ ಅಳತೆಯ ಕಡ್ಡಿಯನ್ನು ದಿನವೂ ನೋಡಬೇಕು.

೬. ತಯಾರಕರ ಒಪ್ಪಿಗೆಯಿಲ್ಲದೆ ಅವಧಿಯನ್ನು ಹೆಚ್ಚಿಸಬಾರದು. ಬಹು ದಿನ ಬಾಳುವ ಎಣ್ಣೆಯೆಂದು ನಂಬಿ ಬದಲಾಯಿಸುವುದನ್ನೇ ಮರೆತರೆ ಸಾಧಾರಣ ಎಣ್ಣೆಯೇ ಮೇಲಾಗಿತ್ತೆಂಬ ಸ್ಥಿತಿ ಬರುತ್ತದೆ.

೭. ಎಂಜಿನ್ನಿನ ಎಣ್ಣೆಯನ್ನು ಗೇರುಪೆಟ್ಟಿಗೆಗೂ, ಹೈಡ್ರಾಲಿಕ್ಕಿಗೂ, ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಿಗೂ, ಕೈಪಿಡಿಯಲ್ಲಿ ಹೇಳಿದ ಹೊರತು, ಹಾಕಕೂಡದು.

ಬಸಿದ ಎಣ್ಣೆಯ ವಿಷಯದಲ್ಲಿಯೂ ಒಂದು ಮಾತು ಅವಶ್ಯಕ. ಸಾಧಾರಣವಾಗಲಿ ಸಿಂಥೆಟಿಕ್ ಆಗಲಿ, ಬಳಸಿದ ಎಣ್ಣೆಯನ್ನು ಹೊಲದ ಬದುವಿಗೆ, ಬಾವಿಯ ಬಳಿಗೆ, ಕಾಲುವೆಗೆ ಸುರಿಯಬಾರದು. ಅದು ನೆಲವನ್ನೂ ನೀರನ್ನೂ ಕೆಡಿಸುತ್ತದೆ. ದನಗಳ ಗಾಯಕ್ಕೆ ಹಚ್ಚುವುದೂ, ಬರಿಗೈಯಲ್ಲಿ ಪದೇ ಪದೇ ಮುಟ್ಟುವುದೂ ಚರ್ಮಕ್ಕೆ ಹಾನಿಕರ. ೨೦೧೬ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂತಹ ಎಣ್ಣೆಯು ಅಧಿಕೃತರಾದ ಸಂಸ್ಕರಣಗಾರರಿಗೆ ಸೇರತಕ್ಕದ್ದು. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಅವರಿಗೆ ತಲುಪಿಸುವ ಏರ್ಪಾಡಿರುವ ಕಡೆ ಕೊಡುವುದು ಉಚಿತ.

ಸಾರಾಂಶ

ಬಹಳ ದುಡಿದ ಎಂಜಿನ್ನಿಗೆ ಸಿಂಥೆಟಿಕ್ ಎಣ್ಣೆಯು ವಿಷವೂ ಅಲ್ಲ, ಸಂಜೀವಿನಿಯೂ ಅಲ್ಲ. ಎಣ್ಣೆ ಕುಡಿಯದ, ಒತ್ತಡ ಇಳಿಯದ ಎಂಜಿನ್ನಿಗೆ, ಹೇಳಿದ ಅಂಕೆಯೂ ದರ್ಜೆಯೂ ಇರುವ ಸಿಂಥೆಟಿಕ್ ಎಣ್ಣೆಯನ್ನು ಭಯವಿಲ್ಲದೆ ಹಾಕಬಹುದು. ಬಿಸಿಲಿನಲ್ಲಿ ಎಡೆಬಿಡದೆ ದುಡಿಯುವುದಾದರೆ ಅದರಿಂದ ಅನುಕೂಲವೂ ಉಂಟು. ಸವೆದ ಎಂಜಿನ್ನಿಗೆ ಒಳ್ಳೆಯ ಸಾಧಾರಣ ಎಣ್ಣೆಯನ್ನೇ ಕಾಲಕ್ಕೆ ಸರಿಯಾಗಿ ಬದಲಾಯಿಸುತ್ತಾ, ಮಿಕ್ಕ ಹಣವನ್ನು ದುರಸ್ತಿಗೆ ಕೂಡಿಡುವುದು ಲೇಸು. ಯಾವ ಎಣ್ಣೆಯನ್ನು ಹಾಕಿದರೂ ಮೊಹರು ಮುರಿಯದ ಡಬ್ಬಿಯನ್ನು ರಸೀತಿಯೊಡನೆ ಕೊಂಡು, ಹಾಕಿದ ದಿನವನ್ನೂ ಮೀಟರಿನ ಅಂಕೆಯನ್ನೂ ಸೇರಿಸಿದ ಎಣ್ಣೆಯ ಅಳತೆಯನ್ನೂ ತಪ್ಪದೆ ಬರೆದಿಡುವ ರೈತನಿಗೆ, ಮುಂದಿನ ಸಲ ಅಂಗಡಿಯಲ್ಲಿ ಯಾರ ಸಲಹೆಯೂ ಬೇಕಾಗುವುದಿಲ್ಲ.